ಪ್ರಶಸ್ತಿಯ ರಾತ್ರಿ, ಊಹೆಯ ಪಟ್ಟಿ

ಮುಂದೆ ಆಗುವುದನ್ನು ಇಂದೇ ಹೇಳಿಬಿಡಬೇಕೆಂಬ ಚಪಲವು ಮನುಷ್ಯನಿಗೆ ಹುಟ್ಟಿನೊಡನೆ ಬಂದುದು. ಯುಗಾದಿಯ ದಿನ ಬೇವುಬೆಲ್ಲವನ್ನು ಬಾಯಿಗೆ ಹಾಕಿಕೊಂಡು ಪಂಚಾಂಗ ಶ್ರವಣಕ್ಕೆ ಕುಳಿತವರು ತಮ್ಮ ರಾಶಿಗೆ ಆಯವೆಷ್ಟು, ವ್ಯಯವೆಷ್ಟು ಎಂದು ಕಿವಿ ನಿಮಿರಿಸುವರು. ಬಸುರಿಯಿರುವ ಮನೆಗೆ ಬಂದ ನೆಂಟರು ಹುಟ್ಟುವುದು ಗಂಡೋ ಹೆಣ್ಣೋ ಎಂದು ಹೇಳದೆ ಕಾಫಿಯನ್ನು ಮುಗಿಸುವುದಿಲ್ಲ. ಊಹೆ ಫಲಿಸಿದರೆ ತಾವು ಅಂದೇ ಹೇಳಿದ್ದೆವೆನ್ನುವರು; ಫಲಿಸದಿದ್ದರೆ ಯಾರೂ ಅದನ್ನು ಜ್ಞಾಪಿಸುವುದಿಲ್ಲ. ಆದುದರಿಂದಲೇ ಈ ವಿನೋದವು ಇಷ್ಟು ಅಗ್ಗವಾಗಿಯೂ ಇಷ್ಟು ಜನಪ್ರಿಯವಾಗಿಯೂ ಇರುವುದು.

ಆದರೆ ಊಹೆಯನ್ನು ಕಾಗದದ ಮೇಲೆ ಬರೆದು, ಹೆಸರು ಹಾಕಿ, ಹತ್ತು ಮಂದಿಯ ಎದುರಿಗೆ ಒಪ್ಪಿಸಬೇಕಾದಾಗ ಸಂಗತಿಯು ಬೇರೆಯಾಗುತ್ತದೆ. ಅಮೆರಿಕ ದೇಶದಲ್ಲಿ ವರ್ಷಕ್ಕೊಮ್ಮೆ ಅಂಥದೊಂದು ರಾತ್ರಿ ಬರುವುದು. ಲಾಸ್ ಏಂಜಲೀಸ್ ನಗರದಲ್ಲಿ ಚಲಚ್ಚಿತ್ರಗಳ ಅಕಾಡೆಮಿಯವರು ಆಸ್ಕರ್ ಎಂಬ ಹೆಸರಿನ ಹೊನ್ನಬಣ್ಣದ ಬೊಂಬೆಗಳನ್ನು ಹಂಚುವ ಆ ರಾತ್ರಿ, ದೇಶದ ಉದ್ದಗಲಕ್ಕೂ ಗೃಹಸ್ಥರು ನೆರೆಹೊರೆಯವರನ್ನು ಕರೆದು, ಟೆಲಿವಿಷನ್ನಿನ ಮುಂದೆ ಕುಳಿತು, ಯಾರಿಗೆ ಯಾವ ಪ್ರಶಸ್ತಿ ಬಂದೀತೆಂದು ಮೊದಲೇ ಪಟ್ಟಿ ಬರೆದುಕೊಂಡು ಕಾಯುವರು. 2023ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ನಾವು ನ್ಯೂಜೆರ್ಸಿಯಲ್ಲಿ ಇದ್ದುದರಿಂದ ಅಂಥ ಒಂದು ಕೂಟಕ್ಕೆ ಹೋಗುವ ಸುಯೋಗವೊದಗಿತು. ವಾಚಕರಿಗೆ ಅದರ ವಿವರವು ರುಚಿಸಬಹುದೆಂದೂ, ಅದರಿಂದ ನಮ್ಮ ಮನೆಗಳಿಗೆ ಕಲಿಯತಕ್ಕ ಅಂಶವೊಂದು ಇದೆಯೆಂದೂ ತೋರಿದುದರಿಂದ ಈ ತಿಂಗಳ ಪುಟಗಳನ್ನು ಅದಕ್ಕೇ ಮೀಸಲಾಗಿಟ್ಟಿದ್ದೇವೆ.

ಮೊದಲು ಈ ಗುಟ್ಟಿನ ಇತಿಹಾಸವನ್ನು ತಿಳಿಯಬೇಕು. ಅಕಾಡೆಮಿಯು ಸ್ಥಾಪನೆಯಾದದ್ದು 1927ರಲ್ಲಿ. ಮೊದಲನೆಯ ಸಮಾರಂಭವು 1929ನೆಯ ಇಸವಿ ಮೇ 16ರಂದು ಹಾಲಿವುಡ್ಡಿನ ರೂಸ್‌ವೆಲ್ಟ್ ಹೋಟೆಲಿನಲ್ಲಿ ನಡೆಯಿತು. ಬಂದಿದ್ದವರು ಸುಮಾರು 270 ಮಂದಿ. ಪ್ರಶಸ್ತಿ ಕೊಡುವ ಕಾರ್ಯವು ಕಾಲು ಗಂಟೆಯಲ್ಲಿ ಮುಗಿದುಹೋಯಿತು. ಅಂದು ಯಾರೂ ಏನನ್ನೂ ಊಹಿಸಬೇಕಾಗಿರಲಿಲ್ಲ. ಏಕೆಂದರೆ ಗೆದ್ದವರ ಹೆಸರುಗಳನ್ನು ಮೂರು ತಿಂಗಳ ಮುಂಚೆಯೇ ಪ್ರಕಟಿಸಿದ್ದರು. ಮುಂದಿನ ವರ್ಷಗಳಲ್ಲಿ ಹೆಸರುಗಳನ್ನು ಸಭೆಯವರೆಗೆ ಬಚ್ಚಿಟ್ಟು, ಪತ್ರಿಕೆಗಳವರಿಗೆ ಮಾತ್ರ, ರಾತ್ರಿ ಹನ್ನೊಂದಕ್ಕೆ ಮುಂಚೆ ಅಚ್ಚುಹಾಕಕೂಡದೆಂಬ ಕರಾರಿನ ಮೇಲೆ ಮೊದಲೇ ಕೊಡುತ್ತಿದ್ದರು. 1940ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯು ಸಂಜೆಯ ಸಂಚಿಕೆಯಲ್ಲಿಯೇ ಹೆಸರುಗಳನ್ನು ಪ್ರಕಟಿಸಿಬಿಟ್ಟಿತು. ಔತಣಕ್ಕೆ ಹೊರಟ ಅತಿಥಿಗಳು ದಾರಿಯಲ್ಲಿ ಪತ್ರಿಕೆಯನ್ನು ಕೊಂಡು, ತಾವು ಸೋತೆವೋ ಗೆದ್ದೆವೋ ಎಂಬುದನ್ನು ಓದಿಕೊಂಡೇ ಬಾಗಿಲನ್ನು ಹೊಕ್ಕರು. ಆ ಪ್ರಮಾದದ ಫಲವಾಗಿ ಮರುವರ್ಷ, ಎಂದರೆ 1941ರಿಂದ, ಅರಗಿನ ಮುದ್ರೆಯ ಲಕೋಟೆ ಬಂದಿತು. ಇಂದು ಜಗತ್ತೆಲ್ಲ ಉಸಿರು ಬಿಗಿಹಿಡಿದು ನೋಡುವ ಲಕೋಟೆಯು ಹುಟ್ಟಿದುದು ಹೀಗೆ, ಒಂದು ಪತ್ರಿಕೆಯ ಅವಸರದಿಂದ.

ಲಕೋಟೆಗಳಿಗೆ ಎರಡು ಪ್ರತಿಗಳಿರುವುವು. ರಂಗದ ಎಡಕ್ಕೊಬ್ಬರು ಬಲಕ್ಕೊಬ್ಬರು ಲೆಕ್ಕಿಗರು ಅವನ್ನು ಹಿಡಿದು ನಿಲ್ಲುವರು. ಈ ಎಚ್ಚರಿಕೆಯೇ 2017ರಲ್ಲಿ ಎಡವಟ್ಟಿಗೆ ಕಾರಣವಾಯಿತು. ಶ್ರೇಷ್ಠ ನಟಿಯ ಲಕೋಟೆಯ ಎರಡನೆಯ ಪ್ರತಿಯು ಕಡೆಯ ಪ್ರಶಸ್ತಿಯನ್ನು ಸಾರಬೇಕಾದವರ ಕೈಸೇರಿ, ‘ಲಾ ಲಾ ಲ್ಯಾಂಡ್’ ಚಿತ್ರವು ಗೆದ್ದಿತೆಂದು ಸಾರಲಾಯಿತು. ಅದರವರು ರಂಗವನ್ನೇರಿ ವಂದನೆಗಳನ್ನರ್ಪಿಸುತ್ತಿರುವಾಗಲೇ, ಗೆದ್ದುದು ‘ಮೂನ್‌ಲೈಟ್’ ಎಂದು ತಿಳಿಯಿತು. ಪಡೆದುದನ್ನು ಮರುಕ್ಷಣವೇ ಎದುರಾಳಿಯ ಕೈಗೆ ಒಪ್ಪಿಸಬೇಕಾದ ಸಂಕಟ ಯಾರಿಗೂ ಬಾರದಿರಲಿ.

ಇನ್ನು ನಾವು ಹೋಗಿದ್ದ ಕೂಟದ ಮಾತು. ಅದು ಭಾನುವಾರ, ಮಾರ್ಚಿ 12. ಆ ದೇಶದ ಪದ್ಧತಿಯಂತೆ ಅಂದು ಮುಂಜಾನೆಯೇ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದರು. ಎಲ್ಲರ ಕಣ್ಣಿನಲ್ಲಿಯೂ ಒಂದು ಗಂಟೆಯ ನಿದ್ರೆ ಬಾಕಿಯಿದ್ದಿತು. ಸಮಾರಂಭವು ಅಲ್ಲಿಗೆ ರಾತ್ರಿ ಎಂಟಕ್ಕೆ, ನಮ್ಮ ಬೆಂಗಳೂರಿಗೆ ಸೋಮವಾರದ ಬೆಳಗಿನ ಐದೂವರೆಗೆ ಆರಂಭ. ಕರೆದವರು ಮೈಸೂರಿನ ಕಡೆಯ ಕುಟುಂಬದವರು. ಅವರ ತಂದೆತಾಯಿಗಳೂ ಊರಿನಿಂದ ಬಂದಿದ್ದರು. ಪಕ್ಕದ ಮನೆಯ ತೆಲುಗರು, ಎದುರು ಮನೆಯ ತಮಿಳರು, ಅಮೆರಿಕದವರೇ ಆದ ಒಬ್ಬ ನಿವೃತ್ತ ಉಪಾಧ್ಯಾಯಿನಿ, ಮಕ್ಕಳು ಎಲ್ಲರೂ ಸೇರಿ ಹದಿನೇಳು ಜನ. ಬಿಸಿಬೇಳೆ ಹುಳಿಯನ್ನ, ಕೋಸಂಬರಿ, ಹೀರೇಕಾಯಿ ಬಜ್ಜಿ, ಕಡೆಯಲ್ಲಿ ಮೊಸರನ್ನ. ಹೊರಗೆ ಇನ್ನೂ ಚಳಿ. ಒಳಗೆ ಇಂಗಿನ ಒಗ್ಗರಣೆಯ ವಾಸನೆ.

ಮನೆಯಾಕೆಯು ಪ್ರತಿಯೊಬ್ಬರ ಕೈಗೂ ಒಂದೊಂದು ಹಾಳೆಯನ್ನು ಕೊಟ್ಟರು. ಅದರಲ್ಲಿ ಇಪ್ಪತ್ತಮೂರು ವಿಭಾಗಗಳು. ಒಂದೊಂದರಲ್ಲಿಯೂ ಸ್ಪರ್ಧೆಗೆ ಆಯ್ಕೆಯಾದ ಐದೈದು ಹೆಸರುಗಳು. ಕಡೆಯ ಶ್ರೇಷ್ಠ ಚಿತ್ರದ ವಿಭಾಗದಲ್ಲಿ ಮಾತ್ರ ಹತ್ತು. ಒಂದೊಂದಕ್ಕೆ ಒಂದೇ ಗುರುತು. ತಲೆಗೆ ಐದು ಡಾಲರಿನಂತೆ ಹಣ ಕೂಡಿಸಿ ಗೆದ್ದವರಿಗೆ ಕೊಡೋಣವೆಂದು ಯಾರೋ ಸೂಚಿಸಿದರು. ಮನೆಯ ಹಿರಿಯರು ನಕ್ಕು, “ಧರ್ಮರಾಯನೂ ಹೀಗೆ ಸಣ್ಣದರಿಂದಲೇ ಶುರುಮಾಡಿದ್ದಪ್ಪಾ” ಎಂದರು. ಆ ಸೂಚನೆಯು ಅಲ್ಲಿಗೇ ಮುಗಿಯಿತು. ಗೆದ್ದವರಿಗೆ ಒಂದು ಡಬ್ಬಿ ಕೊಬ್ಬರಿ ಮಿಠಾಯಿಯೆಂದೂ, ಕಡೆಯವರು ಪಾತ್ರೆ ತೊಳೆಯತಕ್ಕದ್ದೆಂದೂ ತೀರ್ಮಾನವಾಯಿತು. ಲೆಕ್ಕವಿಡುವ ಕೆಲಸವನ್ನು ನಮಗೆ ಒಪ್ಪಿಸಿದುದರಿಂದ ನಾವು ಹಾಳೆ ತುಂಬಲಿಲ್ಲ. ಬರೆಯುವವರ ಮುಖಗಳನ್ನು ನೋಡುವ ಅವಕಾಶವು ನಮಗೆ ದೊರೆಯಿತು.

ಊಹಿಸುವುದರಲ್ಲಿ ಮೂರು ಮತಗಳಿರುವುದನ್ನು ಆಗ ಕಂಡೆವು. ಮೊದಲನೆಯದು ಆ ಮನೆಯ ಹಿರಿಯ ಮಗನದು. ಕಾಲೇಜಿನಲ್ಲಿ ಗಣಿತವನ್ನು ಓದುತ್ತಿದ್ದ ಆ ಹುಡುಗನು ಸ್ಪರ್ಧೆಯ ಚಿತ್ರಗಳಲ್ಲಿ ನೋಡಿದ್ದುದು ಮೂರನ್ನೋ ನಾಲ್ಕನ್ನೋ ಮಾತ್ರ. ಆದರೆ ಅವನಿಗೆ ಅದರ ಅವಶ್ಯಕತೆಯೇ ಇರಲಿಲ್ಲ. ಅವನು ಹೇಳಿದುದು ಇಷ್ಟು: ಅಕಾಡೆಮಿಯಲ್ಲಿ ಮತವುಳ್ಳವರು ಒಂಬತ್ತು ಸಾವಿರಕ್ಕೂ ಹೆಚ್ಚು, ಅವರಲ್ಲಿ ನಟರದೇ ದೊಡ್ಡ ಗುಂಪು. ಆ ನಟರಲ್ಲಿ ಅನೇಕರು ನಟರ ಸಂಘದಲ್ಲಿಯೂ ಇರುವರು. ನಿರ್ದೇಶಕರು ನಿರ್ದೇಶಕರ ಸಂಘದಲ್ಲಿರುವರು. ಆ ಸಂಘಗಳು ಕೆಲವು ವಾರಗಳ ಮುಂಚೆ ತಮ್ಮ ತಮ್ಮ ಪ್ರಶಸ್ತಿಗಳನ್ನು ಕೊಟ್ಟಿರುತ್ತವೆ. ಅದೇ ಜನ, ಅದೇ ಮನಸ್ಸು. ಕೈ ಮಾತ್ರ ಎರಡನೆಯ ಸಲ ಬರೆಯುವುದು. ಅವರನ್ನು ನೋಡಿಕೊಂಡು ಬರೆದರಾಯಿತು.

ಎರಡನೆಯ ಮತವು ಅವನ ತಂಗಿಯದು. ಹದಿನಾಲ್ಕು ವಯಸ್ಸಿನ ಆ ಹುಡುಗಿಯು ಸಿಕ್ಕಿದ ಚಿತ್ರಗಳನ್ನೆಲ್ಲ ಆಸಕ್ತಿಯಿಂದ ನೋಡಿದ್ದಳು. ತನಗೆ ಉತ್ತಮವೆಂದು ತೋರಿದುದಕ್ಕೇ ಗುರುತು ಹಾಕಿದಳು. ಮೂರನೆಯದು ಅಜ್ಜಿಯವರ ಮತ. ಅವರು ಇಪ್ಪತ್ತಮೂರರಲ್ಲಿ ಎರಡಕ್ಕೆ ಮಾತ್ರ ಗುರುತು ಹಾಕಿ, “ನೋಡಿದ್ದು ಇವೆರಡೇ, ಮಿಕ್ಕದ್ದರ ಗೊಡವೆ ನನಗೇಕೆ?” ಎಂದು ಕನ್ನಡಕವನ್ನು ತೆಗೆದಿಟ್ಟರು. ಆ ಎರಡು ಯಾವುವೆಂದರೆ, ‘ಆರ್‌ಆರ್‌ಆರ್’ ಚಿತ್ರದ ‘ನಾಟು ನಾಟು’ ಎಂಬ ಹಾಡು ಮತ್ತು ‘ದಿ ಎಲಿಫೆಂಟ್ ವಿಸ್ಪರರ್ಸ್’ ಎಂಬ ಸಣ್ಣ ಸಾಕ್ಷ್ಯಚಿತ್ರ.

ಶ್ರೇಷ್ಠ ಚಿತ್ರದ ಆಯ್ಕೆಯ ಕ್ರಮವು ಮಿಕ್ಕವುಗಳಂತಲ್ಲ. ಮಿಕ್ಕ ವಿಭಾಗಗಳಲ್ಲಿ ಹೆಚ್ಚು ಮತ ಬಂದವರೇ ಗೆದ್ದಂತೆ. ಕಡೆಯದರಲ್ಲಿ ಮಾತ್ರ ಸದಸ್ಯರು ಹತ್ತು ಚಿತ್ರಗಳನ್ನೂ ಮೊದಲನೆಯದು, ಎರಡನೆಯದು ಎಂದು ಕ್ರಮವಾಗಿ ಬರೆಯುವರು. ಅಡಿಗೆಯ ಮನೆಯ ದೃಷ್ಟಾಂತವನ್ನು ಹೇಳುವುದಾದರೆ, ಹಬ್ಬಕ್ಕೆ ಯಾವ ಸಿಹಿ ಮಾಡಬೇಕೆಂದು ಮನೆಯವರನ್ನೆಲ್ಲ ಕೇಳಿದಂತೆ. ಯಾವುದನ್ನು ಮೊದಲು ಬರೆದವರು ಎಲ್ಲಕ್ಕಿಂತ ಕಡಿಮೆಯೋ ಆ ಸಿಹಿಯನ್ನು ತೆಗೆದುಹಾಕಿ, ಅದನ್ನು ಬರೆದವರ ಮತಗಳನ್ನು ಅವರ ಎರಡನೆಯ ಆಸೆಗೆ ಸೇರಿಸುವರು. ಹೀಗೆ ಒಂದೊಂದನ್ನೇ ಕಳೆಯುತ್ತ ಹೋಗಿ, ಯಾವುದಕ್ಕೆ ಅರ್ಧಕ್ಕಿಂತ ಹೆಚ್ಚು ಮತ ಸೇರುವುದೋ ಅದು ಗೆದ್ದಂತೆ. ಇದರಿಂದ ಕೆಲವರಿಗೆ ಪ್ರಾಣವಾಗಿ ಕೆಲವರಿಗೆ ವಾಕರಿಕೆ ತರುವ ಭಕ್ಷ್ಯಕ್ಕಿಂತ, ಎಲ್ಲರೂ ಎರಡನೆಯದೋ ಮೂರನೆಯದೋ ಆಗಿ ಒಪ್ಪುವ ಹೋಳಿಗೆಗೆ ಅನುಕೂಲ ಹೆಚ್ಚು. ಅಕಾಡೆಮಿಯವರು 2010ರ ಸಮಾರಂಭದಿಂದ ಈ ಕ್ರಮವನ್ನು ಅನುಸರಿಸುತ್ತಿರುವರು.

ಇಷ್ಟೆಲ್ಲ ಗಣಿತವಿದ್ದರೂ ಊಹೆಯು ಕೈಕೊಡುವುದುಂಟು. 2021ರಲ್ಲಿ ಸಮಾರಂಭವನ್ನು ನಡೆಸಿದವರು ವಾಡಿಕೆಯನ್ನು ಬಿಟ್ಟು ಶ್ರೇಷ್ಠ ನಟನ ಪ್ರಶಸ್ತಿಯನ್ನು ಎಲ್ಲಕ್ಕೂ ಕಡೆಯಲ್ಲಿಟ್ಟರು. ಹಿಂದಿನ ವರ್ಷ ತೀರಿಕೊಂಡಿದ್ದ ಚ್ಯಾಡ್ವಿಕ್ ಬೋಸ್‌ಮನ್ ಎಂಬ ನಟನಿಗೆ ಅದು ಸಲ್ಲುವುದೆಂದು ಲೋಕವೆಲ್ಲ ನಂಬಿದ್ದಿತು. ಲಕೋಟೆಯಿಂದ ಹೊರಬಂದುದು ಆಂಥೊನಿ ಹಾಪ್ಕಿನ್ಸರ ಹೆಸರು. ಎಂಬತ್ತಮೂರು ವಯಸ್ಸಿನ ಆ ಹಿರಿಯರು ಸಭೆಯಲ್ಲಿರಲಿಲ್ಲ, ವೇಲ್ಸ್ ದೇಶದಲ್ಲಿದ್ದರು. ಸಮಾರಂಭವು ಯಾರ ಭಾಷಣವೂ ಇಲ್ಲದೆ ತಟಕ್ಕನೆ ಮುಗಿಯಿತು.

ಅಂದಿನ ರಾತ್ರಿಗೆ ಹಿಂತಿರುಗೋಣ. ಆರಂಭದಲ್ಲಿಯೇ ಪೋಷಕ ನಟನ ಪ್ರಶಸ್ತಿಯು ಕೆ ಹುಯ್ ಕ್ವಾನ್ ಎಂಬವರಿಗೆ ಬಂದಿತು. ವಿಯೆಟ್ನಾಮಿನಿಂದ ದೋಣಿಯಲ್ಲಿ ಹೊರಟು, ನಿರಾಶ್ರಿತರ ಶಿಬಿರದಲ್ಲಿ ವರ್ಷವೊಂದನ್ನು ಕಳೆದ ಕುಟುಂಬದ ಮಗು. ಬಾಲನಟನಾಗಿ ಹೆಸರು ಮಾಡಿ, ಆಮೇಲೆ ಬಹುಕಾಲ ಪಾತ್ರಗಳಿಲ್ಲದೆ ಇದ್ದವರು. ಅವರು ಅಳುತ್ತ, ಎಂಬತ್ತನಾಲ್ಕು ವರ್ಷದ ತಮ್ಮ ತಾಯಿ ಮನೆಯಲ್ಲಿ ಕುಳಿತು ನೋಡುತ್ತಿರುವರೆಂದು ಹೇಳಿದಾಗ, ಇಂಗ್ಲಿಷನ್ನು ಅಷ್ಟಾಗಿ ಅರಿಯದ ಅಜ್ಜಿಯವರೇ ಮೊದಲು ಕಣ್ಣೊರಸಿಕೊಂಡರು. ಮುಂದೆ ಶ್ರೇಷ್ಠ ನಟಿಯ ಪ್ರಶಸ್ತಿಯನ್ನು ಪಡೆದ ಮಲೇಷಿಯದ ಮಿಶೆಲ್ ಯೋ ಅವರ ತಾಯಿಗೂ ಎಂಬತ್ತನಾಲ್ಕೇ ವರ್ಷ. ಆಕೆಯು ಅದೇ ಹೊತ್ತಿನಲ್ಲಿ ಕೌಲಾಲಂಪುರದಲ್ಲಿ, ನಮ್ಮಂತೆಯೇ ನೋಡಲೆಂದು ನೆರೆದ ಒಂದು ಕೂಟದಲ್ಲಿ ಕುಳಿತಿದ್ದರೆಂದು ಮರುದಿನದ ಪತ್ರಿಕೆಗಳಿಂದ ತಿಳಿಯಿತು. ಸಾವಿರಾರು ಮೈಲಿಗಳಾಚೆ ಮಗಳ ಹೆಸರನ್ನು ಕೂಗುವುದನ್ನು ಕಾದು ಕುಳಿತ ತಾಯಿಯ ಕೂಟಕ್ಕಿಂತ ದೊಡ್ಡ ಕೂಟ ಯಾವುದು?

ಪೋಷಕ ನಟಿಯ ಪ್ರಶಸ್ತಿಯಲ್ಲಿ ಒಂದು ವಾದ ಹುಟ್ಟಿತು. ಏಂಜಲಾ ಬ್ಯಾಸೆಟ್ ಗೆಲ್ಲುವರೆಂದು ಅನೇಕರು ಬರೆದಿದ್ದರು. ಗೆದ್ದವರು ಜೇಮೀ ಲೀ ಕರ್ಟಿಸ್. ಹೆಸರನ್ನು ಓದುವಾಗ ಐವರ ಮುಖಗಳನ್ನೂ ಒಟ್ಟಿಗೆ ತೋರಿಸುವುದು ಅಲ್ಲಿಯ ಪದ್ಧತಿ. ಬ್ಯಾಸೆಟ್ ನಗಲಿಲ್ಲ, ಚಪ್ಪಾಳೆ ತಟ್ಟಲಿಲ್ಲ, ಸುಮ್ಮನೆ ಕುಳಿತಿದ್ದರು. ಸೋತವರು ಗೆದ್ದವರನ್ನು ಅಭಿನಂದಿಸುವುದೇ ಸಭ್ಯತೆಯಲ್ಲವೆ ಎಂದು ಅತಿಥಿಗಳೊಬ್ಬರು ಆಕ್ಷೇಪಿಸಿದರು. ಅಜ್ಜಿಯವರು, “ಸೋತವಳ ಮುಖವನ್ನು ಅದೇ ಗಳಿಗೆಯಲ್ಲಿ ಊರಿಗೆಲ್ಲ ತೋರಿಸುವುದು ಯಾವ ಸಭ್ಯತೆ? ಆಕೆ ಯಾರಿಗೂ ಕೆಟ್ಟ ಮಾತಾಡಲಿಲ್ಲವಲ್ಲ, ಬಿಡಿ” ಎಂದರು. ನಮಗೂ ಅದೇ ಸರಿಯೆನಿಸಿತು. ಅತ್ತುಬಿಡುವುದೂ ಸುಳ್ಳುನಗೆ ನಗುವುದೂ ಎರಡೇ ದಾರಿಗಳಲ್ಲ. ಮೌನವಾಗಿ ದುಃಖವನ್ನು ನುಂಗುವುದೂ ಒಂದು ಮರ್ಯಾದೆಯೇ. ಬ್ಯಾಸೆಟ್ ಅವರಿಗೆ 2024ರ ಜನವರಿಯಲ್ಲಿ ಅಕಾಡೆಮಿಯು ಗೌರವ ಪ್ರಶಸ್ತಿಯನ್ನು ಕೊಟ್ಟಿತು.

ಆನೆಯ ಚಿತ್ರದ ಸರದಿ ಬಂದಾಗ ಮನೆಯು ನಿಶ್ಶಬ್ದವಾಯಿತು. ಮುದುಮಲೆಯ ಕಾಡಿನ ತೆಪ್ಪಕಾಡು ಶಿಬಿರದಲ್ಲಿ ರಘು ಎಂಬ ತಬ್ಬಲಿ ಆನೆಮರಿಯನ್ನು ಸಾಕಿದ ಬೊಮ್ಮನ್ ಮತ್ತು ಬೆಳ್ಳಿ ದಂಪತಿಗಳ ಕಥೆಯದು; ನಿರ್ದೇಶಿಸಿದವರು ಕಾರ್ತಿಕಿ ಗೊನ್ಸಾಲ್ವಿಸ್, ನಿರ್ಮಿಸಿದವರು ಗುನೀತ್ ಮೊಂಗಾ. ಮುದುಮಲೆಯೆಂದರೆ ನಮ್ಮ ಬಂಡೀಪುರದ ಬೇಲಿಯಾಚೆಯ ನೆರೆಮನೆ. ಆನೆಗಳಿಗೆ ಆ ಬೇಲಿಯೂ ಇಲ್ಲ. ಪ್ರಶಸ್ತಿಯು ಅದಕ್ಕೇ ಸಂದಿತು. ಆಮೇಲೆ ‘ನಾಟು ನಾಟು’. ಅದನ್ನು ಸಭೆಗೆ ಪರಿಚಯಮಾಡಿಕೊಟ್ಟವರು ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ; ಚಿತ್ರದ ನಿರ್ದೇಶಕ ರಾಜಮೌಳಿಯವರು ಹುಟ್ಟಿದುದು ನಮ್ಮ ರಾಯಚೂರು ಜಿಲ್ಲೆಯಲ್ಲಿ. ‘ನಾಟು’ ಎಂಬುದು ನಮ್ಮ ‘ನಾಟಿ’ ಎಂಬ ಮಾತಿನ ನೆಂಟನೇ. ಸಂಗೀತಕಾರ ಕೀರವಾಣಿಯವರೂ ಕವಿ ಚಂದ್ರಬೋಸರೂ ರಂಗವನ್ನೇರಿದಾಗ ಪಕ್ಕದ ಮನೆಯ ತೆಲುಗಿನ ಹಿರಿಯರು ಕುಣಿದೇಬಿಟ್ಟರು. ಭಾರತದ ಚಿತ್ರವೊಂದರ ಹಾಡಿಗೆ ಈ ಪ್ರಶಸ್ತಿಯು ಬಂದುದು ಅದೇ ಮೊದಲು.

ಇವೆರಡಕ್ಕೂ ಮುಂಚೆ, ಗದ್ದಲದಲ್ಲಿ ಯಾರೂ ಅಷ್ಟಾಗಿ ಗಮನಿಸದ ಒಂದು ಸಂಗತಿಯಿದ್ದಿತು. ಪೂರ್ಣಪ್ರಮಾಣದ ಸಾಕ್ಷ್ಯಚಿತ್ರಗಳ ವಿಭಾಗದಲ್ಲಿ ಆ ಹುಡುಗಿಯು ಬರೆದಿದ್ದುದು ‘ಆಲ್ ದಟ್ ಬ್ರೀದ್ಸ್’ ಎಂಬುದನ್ನು. ದೆಹಲಿಯ ಹೊಗೆ ತುಂಬಿದ ಆಕಾಶದಿಂದ ಗಾಯಗೊಂಡು ಬೀಳುವ ಹದ್ದುಗಳನ್ನು ನೆಲಮಾಳಿಗೆಯಲ್ಲಿಟ್ಟು ಶುಶ್ರೂಷೆಮಾಡುವ ಇಬ್ಬರು ಸೋದರರನ್ನು ಕುರಿತು ಶೌನಕ್ ಸೇನ್ ತೆಗೆದ ಚಿತ್ರ. ಗೆದ್ದುದು ‘ನವಾಲ್ನಿ’, ರಷ್ಯದ ಸೆರೆಮನೆಯಲ್ಲಿದ್ದ ಪ್ರತಿಪಕ್ಷದ ನಾಯಕನ ಕಥೆ. ಅಣ್ಣನು ತನ್ನ ಹಾಳೆಯಲ್ಲಿ ಸರಿಗುರುತನ್ನೆಳೆದು, “ನಾನು ಮೊದಲೇ ಹೇಳಿರಲಿಲ್ಲವೆ? ಅದನ್ನು ಬರೆದಿದ್ದರೆ ನಿನಗೊಂದು ಅಂಕ ಬರುತ್ತಿತ್ತು” ಎಂದನು. ಹುಡುಗಿಯು ತಲೆಯೆತ್ತದೆ, “ಅದು ಗೆಲ್ಲುತ್ತದೆಂದು ನನಗೂ ಗೊತ್ತಿತ್ತು ಅಣ್ಣ. ಬರೆಯುವುದಕ್ಕೆ ಕೈ ಬರಲಿಲ್ಲ” ಎಂದಳು. ಅವಳ ಕಣ್ಣಿನಲ್ಲಿ ನೀರು ತುಂಬಿದ್ದಿತು.

ಅವಳ ತಾತನು ಅವಳನ್ನು ಬಳಿಗೆ ಕರೆದು ಕೂರಿಸಿಕೊಂಡು, ಮಗನ ಮಗನ ಕಡೆಗೆ ತಿರುಗಿ, “ನೀನು ಆ ಚಿತ್ರವನ್ನು ನೋಡಿದ್ದೀಯೇನಪ್ಪ?” ಎಂದು ಕೇಳಿದರು. ಇಲ್ಲವೆಂದನು. “ಅವಳದನ್ನು?” ಅದನ್ನೂ ನೋಡಿರಲಿಲ್ಲ. “ಹಾಗಾದರೆ ನೀನು ಬರೆದದ್ದು ಊರಿನವರ ಮನಸ್ಸು, ಇವಳು ಬರೆದದ್ದು ತನ್ನ ಮನಸ್ಸು. ಹಾಳೆ ಕೇಳಿದ್ದು ಊರಿನ ಮನಸ್ಸನ್ನೇ. ಆದ್ದರಿಂದ ಅಂಕ ನಿನ್ನದೇ, ಅನುಮಾನವಿಲ್ಲ. ಆದರೆ ಊರಿನ ಮನಸ್ಸನ್ನು ತಿಳಿಯುವುದಕ್ಕೆ ತನ್ನ ಮನಸ್ಸನ್ನು ಮರೆಯಬೇಕಾಗಿಲ್ಲ, ನೋಡು” ಎಂದರು. ಹುಡುಗನು ಜಾಣ, ಮಾತು ಬೆಳೆಸಲಿಲ್ಲ.

ಹನ್ನೊಂದೂವರೆ ದಾಟಿದ ಮೇಲೆ ಶ್ರೇಷ್ಠ ಚಿತ್ರದ ಹೆಸರು ಹೊರಬಿದ್ದಿತು. ‘ಎವೆರಿಥಿಂಗ್ ಎವೆರಿವೇರ್ ಆಲ್ ಅಟ್ ಒನ್ಸ್’ ಚಿತ್ರಕ್ಕೆ ಒಟ್ಟು ಏಳು ಪ್ರಶಸ್ತಿಗಳು. ಒಂಬತ್ತು ವಿಭಾಗಗಳಲ್ಲಿ ಸ್ಪರ್ಧಿಸಿದ್ದ ‘ದಿ ಬ್ಯಾನ್‌ಷೀಸ್ ಆಫ್ ಇನಿಷೆರಿನ್’ ಬರಿಗೈಯಲ್ಲಿ ಹಿಂತಿರುಗಿತು. ಎಂಟರಲ್ಲಿದ್ದ ‘ಎಲ್ವಿಸ್’, ಏಳರಲ್ಲಿದ್ದ ಸ್ಪೀಲ್‌ಬರ್ಗರ ‘ದಿ ಫೇಬಲ್‌ಮನ್ಸ್’ ಸಹ ಹಾಗೆಯೇ. ನಟರ ಸಂಘವು ಆರಿಸಿದ್ದ ನಾಲ್ವರು ನಟನಟಿಯರೇ ಅಕಾಡೆಮಿಯಲ್ಲಿಯೂ ಗೆದ್ದಿದ್ದರು; ಗಣಿತದ ಹುಡುಗನ ಸೂತ್ರವು ಆ ನಾಲ್ಕರಲ್ಲಿ ಒಂದೂ ತಪ್ಪಲಿಲ್ಲ. ನಾವು ಲೆಕ್ಕವನ್ನು ಓದಿದೆವು. ಅವನಿಗೆ ಇಪ್ಪತ್ತಮೂರಕ್ಕೆ ಹದಿನೆಂಟು; ಉಪಾಧ್ಯಾಯಿನಿಗೆ ಹದಿನಾಲ್ಕು; ಹುಡುಗಿಗೆ ಎಂಟು; ಅಜ್ಜಿಯವರಿಗೆ ಎರಡಕ್ಕೆ ಎರಡು. ಅತಿ ಕಡಿಮೆ ಅಂಕವು ಅಜ್ಜಿಯವರದೇ ಆದುದರಿಂದ ಪಾತ್ರೆ ತೊಳೆಯುವ ಪ್ರಶ್ನೆ ಬಂದಿತು. ಬರೆದುದೊಂದೂ ತಪ್ಪಿಲ್ಲದವರನ್ನು ಕಡೆಯವರೆನ್ನುವುದು ಹೇಗೆಂದು ನಗು ಹಬ್ಬಿತು. ಕಡೆಗೆ ಗೆದ್ದ ಹುಡುಗನೇ ತೋಳು ಮಡಿಸಿ ಪಾತ್ರೆಗಳ ಮುಂದೆ ನಿಂತನು, ತಂಗಿಯು ಒರಸಿಟ್ಟಳು, ಮಿಠಾಯಿಯ ಡಬ್ಬಿಯು ಇಬ್ಬರ ನಡುವೆ ಖಾಲಿಯಾಗುತ್ತಿದ್ದಿತು. ಮರುವಾರ ಇಬ್ಬರೂ ಕುಳಿತು ಆ ಎರಡು ಚಿತ್ರಗಳನ್ನೂ ನೋಡಿದರೆಂದು ಮನೆಯಾಕೆಯಿಂದ ತಿಳಿಯಿತು. ಯಾವುದು ಮೇಲೆಂಬ ವಾದವು ತೀರಲಿಲ್ಲವಂತೆ. 2024ರ ಫೆಬ್ರವರಿಯಲ್ಲಿ ನವಾಲ್ನಿಯವರು ಸೆರೆಯಲ್ಲಿಯೇ ಸತ್ತ ಸುದ್ದಿ ಬಂದ ದಿನ, ಮೊದಲು ಫೋನು ಮಾಡಿ ಅಣ್ಣನಿಗೆ ತಿಳಿಸಿದವಳು ಆ ತಂಗಿಯೇ. ಬರಿಯ ಅಂಕವಾಗಿದ್ದ ಹೆಸರು ಅವರಿಬ್ಬರಿಗೂ ಮನುಷ್ಯನಾಗಿದ್ದಿತು.

ಈ ವಿನೋದವನ್ನು ನಮ್ಮ ಮನೆಗಳಲ್ಲಿ ನಡೆಸಲು ಆಸ್ಕರಿಗಾಗಿಯೇ ಕಾಯಬೇಕಾಗಿಲ್ಲ. ನಮ್ಮ ರಾಷ್ಟ್ರೀಯ ಚಲಚ್ಚಿತ್ರ ಪ್ರಶಸ್ತಿಗಳಿವೆ. 1970ರ ಚಿತ್ರಗಳಲ್ಲಿ ‘ಸಂಸ್ಕಾರ’ವೂ 1977ರವುಗಳಲ್ಲಿ ‘ಘಟಶ್ರಾದ್ಧ’ವೂ ದೇಶದ ಶ್ರೇಷ್ಠ ಚಿತ್ರಗಳೆನಿಸಿ ಕನ್ನಡಕ್ಕೆ ಕೀರ್ತಿ ತಂದವು. ಅಂಥ ಸಂದರ್ಭಗಳಲ್ಲಿ ನಾಲ್ಕು ಮನೆಯವರು ಕೂಡುವುದು ಒಳ್ಳೆಯದೇ. ಆದರೆ ಎರಡು ನಿಯಮಗಳನ್ನು ನಾವು ಸೂಚಿಸುತ್ತೇವೆ. ಒಂದು, ಹಣವನ್ನು ಹತ್ತಿರ ಸೇರಿಸಬೇಡಿ; ಮಿಠಾಯಿಯೇ ಸಾಕು. ಇನ್ನೊಂದು, ಹಾಳೆಯಲ್ಲಿ ಒಂದರ ಬದಲು ಎರಡು ಅಂಕಣಗಳನ್ನು ಗೆರೆಹಾಕಿ. ಮೊದಲನೆಯದರಲ್ಲಿ, ಯಾರು ಗೆಲ್ಲುವರೆಂಬುದನ್ನು ಬರೆಯಲಿ. ಅದಕ್ಕೆ ಅಂಕ ಕೊಡಿ. ಎರಡನೆಯದರಲ್ಲಿ, ಕೊಡುವ ಅಧಿಕಾರ ತಮಗಿದ್ದರೆ ಯಾರಿಗೆ ಕೊಡುತ್ತಿದ್ದೆವೆಂಬುದನ್ನು ಬರೆಯಲಿ; ಅದಕ್ಕೆ ಅಂಕವಿಲ್ಲ, ಕಾರಣವನ್ನು ಮಾತ್ರ ಕೇಳಿ. ನೋಡದೆ ಇದ್ದುದನ್ನು ಖಾಲಿ ಬಿಡಲಿ.

ಮಕ್ಕಳಿಗೆ ಪರೀಕ್ಷೆಯಲ್ಲಿ, ಉದ್ಯೋಗದಲ್ಲಿ, ನಾಲ್ವರ ನಡುವೆ, ಊರಿನವರು ಯಾವುದನ್ನು ಸರಿಯೆನ್ನುವರೆಂದು ಊಹಿಸಿ ಬರೆಯುವ ಮೊದಲನೆಯ ಅಂಕಣವು ಲೋಕದಲ್ಲಿ ಎಲ್ಲೆಲ್ಲಿಯೂ ಸಿಕ್ಕುವುದು. ಎರಡನೆಯ ಅಂಕಣವನ್ನು ಮನೆಯವರೇ ಗೆರೆಹಾಕಿ ಕೊಡಬೇಕು.